ಸಮುದ್ರದಲ್ಲಿ ಹರಿಗೋಲು

ಬೆಳಿಗ್ಗೆ ದಡದಲ್ಲಿ ಒಬ್ಬಾತ ದೋಣಿಗೆ ನೀಲಿ ಬಣ್ಣ ಬಳಿಯುತ್ತಿದ್ದ. ಟರ್ಪೆಂಟೈನಿನ ವಾಸನೆ ಉಪ್ಪುಗಾಳಿಯಲ್ಲಿ ಬೆರೆತು ಬಂದಾಗ ನಾನು ಬರೆಯುವುದನ್ನು ನಿಲ್ಲಿಸಿದೆ. ಅಂಡಮಾನಿನ ಈ ದ್ವೀಪದ ಬಗ್ಗೆ ಪ್ರವಾಸಿ ಕೈಪಿಡಿಯೊಂದಕ್ಕೆ ಪರಿಚಯ ಬರೆಯಲು ಬಂದವಳು ನಾನು. ಬಿಳಿ ಮರಳು, ಮೊಣಕಾಲುದ್ದ ನೀರಿನಲ್ಲೇ ಕಾಣುವ ಹವಳ, ಅಲೆಗಳತ್ತ ಬಾಗಿದ ಮರಗಳು... ಅಷ್ಟರವರೆಗೆ ಬರೆದಿದ್ದೆ. ಆ ವಾಸನೆ ಮಾತ್ರ ನನ್ನೂರು ಮುದಗಲ್ಲಿನದು, ನಮ್ಮ ಪಕ್ಕದ ಮನೆಯ ಪೇಂಟರ್ ಚಾಚಾ ಅವರದು.

ಚಾಚಾ ಅಂಗಡಿಗಳ ಬೋರ್ಡು, ಟ್ರ್ಯಾಕ್ಟರಿನ ಟ್ರೇಲರುಗಳ ಮೇಲಿನ ಹೆಸರು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಟ್ರೇಲರುಗಳಷ್ಟೇ ಉಳಿದಿದ್ದವು. ನಾನು ಡಿಗ್ರಿ ಓದುತ್ತಿದ್ದಾಗ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಎದುರು ಒಂದು ಟ್ರಾವೆಲ್ಸ್ ಆಫೀಸು ತೆರೆಯಿತು. ಗೋಡೆಯ ತುಂಬ ಅಂಡಮಾನಿನ ಬೀಚು ಬರೆಯುವ ಕೆಲಸ ಚಾಚಾಗೆ ಸಿಕ್ಕಿತು. ಚೆನ್ನಾಗಿ ಬಂದರೆ ಸಿಂಧನೂರು, ಮಸ್ಕಿಯ ಆಫೀಸುಗಳ ಗೋಡೆಗಳೂ ಅವರಿಗೇ ಎಂದು ಮಾಲೀಕ ಹೇಳಿದ್ದ.

ಚಾಚಾ ಸಮುದ್ರ ನೋಡಿದವರಲ್ಲ. ಬಣ್ಣದಲ್ಲಿ ಅದ್ದಿದ ದಾರವನ್ನು ಗೋಡೆಗೆ ಮಿಡಿದು ದಿಗಂತ ಎಳೆದರು. ಮೂರನೆಯ ದಿನ ನೀರಿನ ಮೇಲೆ ದೋಣಿ ಮೂಡಿತು. ದುಂಡಗಿನ ಹರಿಗೋಲು, ಜಲದುರ್ಗದ ಬಳಿ ಕೃಷ್ಣೆಯನ್ನು ದಾಟಿಸುವಂಥದ್ದು. ಒಳಗೆ ಟೋಪಿ ಹಾಕಿದ ಇಬ್ಬರು ಪ್ರವಾಸಿಗರು. ಚಾಚಾ ಕಂಡ ದೋಣಿ ಅದೊಂದೇ. ಊರಿನ ಬಸ್ಸಿಗೆ ಕಾಯುತ್ತ ನಾನು ದಿನವೂ ಅದನ್ನು ನೋಡುತ್ತಿದ್ದೆ. ತಪ್ಪೆಂದು ಗೊತ್ತಿತ್ತು, ಆದರೆ ಯಾರೂ ಕೇಳದೆ ಹೇಳುವುದು ನನ್ನ ಸ್ವಭಾವವಲ್ಲ.

ಹತ್ತನೆಯ ದಿನ ಮಾಲೀಕ ನೋಡಲು ಬಂದ. ಜನ ಸೇರಿದ್ದರು. ಹರಿಗೋಲು ನೋಡಿ ಅವನಿಗೆ ಅನುಮಾನ ಬಂತು. ಬಸ್ಸಿಗೆ ನಿಂತಿದ್ದ ನನ್ನನ್ನು ಚಾಚಾನೇ ಕರೆದರು.

"ಈಕಿನ್ನ ಕೇಳ್ರಿ ಸಾವಕಾರ್ರ. ಕಾಲೇಜಿಂದ ಕಾರವಾರಕ್ಕ ಹೋಗಿ ಸಮುದ್ರ ನೋಡಿ ಬಂದಾಳ."

ಆ ದನಿಯಲ್ಲಿ ಹೆಮ್ಮೆಯಿತ್ತು.

"ಸಮುದ್ರದಾಗ ಹರಿಗೋಲು ಇರಂಗಿಲ್ರಿ," ಎಂದೆ.

ಮಾಲೀಕ ನಕ್ಕ. "ಏನ್ ಚಾಚಾ, ಈ ಬುಟ್ಟ್ಯಾಗ ಕುಂದ್ರಿಸಿ ಮಂದಿನ್ನ ಅಂಡಮಾನಕ್ಕ ಕಳಸ್ಲೇನು?"

ಸೇರಿದವರೂ ನಕ್ಕರು. ಅಳಿಸಿ ಬೇರೆ ದೋಣಿ ಬರೆಯುತ್ತೇನೆ ಎಂದು ಚಾಚಾ ಎರಡು ಸಲ ಹೇಳಿದರು. ಅವನು ಕೇಳಲಿಲ್ಲ. ವಾರದೊಳಗೆ ಮೂರೂ ಊರುಗಳ ಗೋಡೆಗಳ ಮೇಲೆ ಒಂದೇ ಫ್ಲೆಕ್ಸ್ ಬಂತು.

ಮಾಲೀಕ ಬಂದಿದ್ದ ಆ ದಿನ ಚಾಚಾ, ನಾನು ಮುದಗಲ್ಲಿನವರೆಗೂ ಒಂದೇ ಬಸ್ಸಿನಲ್ಲಿದ್ದೆವು. ಚಾಚಾ ಕಾಲ ನಡುವೆ ಬಣ್ಣದ ಡಬ್ಬಿ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಇಳಿಯುವಾಗ ಹೇಳಿದರು: "ನೀ ಸುಳ್ಳೇನ್ ಹೇಳಿಲ್ಲ ಬೇಟಿ. ಖರೇ, ಮದ್ಲ ನನ್ನ ಕಿವ್ಯಾಗ ಹೇಳಿದ್ರ ತಿದ್ದತಿದ್ನಲ್ಲ... ದಿನಾ ಅಲ್ಲೇ ನಿಂದರ್ತಿದ್ದಿ."

ಆಮೇಲೆ ಅವರು ಗುತ್ತಿಗೆದಾರನ ಕೈಕೆಳಗೆ ರಸ್ತೆಯ ಅಂಚುಗಲ್ಲುಗಳಿಗೆ ಕಪ್ಪು, ಹಳದಿ ಬಳಿಯಲು ಹೋದರು. ಬಾಗಿಲಲ್ಲಿ ಎದುರಾದರೆ ತಲೆಯಾಡಿಸುತ್ತಿದ್ದರು, ಅಷ್ಟೇ. ಹೋದ ವರ್ಷ ತೀರಿಕೊಂಡರೆಂದು ಅಮ್ಮ ಫೋನಿನಲ್ಲಿ ಹೇಳಿದಳು. ನಾನು ಊರಿಗೆ ಹೋಗಲಿಲ್ಲ.

ಪರಿಚಯವನ್ನು ಇಂದು ಸಂಜೆಯೊಳಗೆ ಕಳುಹಿಸಬೇಕು. ನನ್ನ ಬರಹದಲ್ಲಿ ತಪ್ಪಿರುವುದಿಲ್ಲವೆಂದೇ ಕೈಪಿಡಿಯವರು ಈ ಕೆಲಸ ನನಗೆ ಕೊಡುತ್ತಾರೆ. ಅಪರೂಪಕ್ಕೆ ಒಂದು ಸಿಕ್ಕರೆ, ಅಚ್ಚಿಗೆ ಹೋಗುವ ಮೊದಲು, ನನಗೊಬ್ಬಳಿಗೇ ಫೋನು ಮಾಡಿ ಮೆಲ್ಲಗೆ ಹೇಳುತ್ತಾರೆ.