ಗೋಲ್‌ಕೀಪರಣ್ಣನ ಯಾತ್ರೆ

ವರ್ಷಕ್ಕೊಂದು ಸಲ, ಅವರೆಕಾಯಿ ಕಾಲದಲ್ಲಿ, ನಾವು ಮೂವರು ಗೆಳೆಯರು ಬಂಗಾರಪೇಟೆಯಿಂದ ಚಿನ್ನದ ಗಣಿಯ ಊರಿಗಾಂವರೆಗೆ ಬರಿಗಾಲಲ್ಲಿ ನಡೆದು ಹೋಗುತ್ತಿದ್ದೆವು. ಅರಿಶಿನದಲ್ಲಿ ಅದ್ದಿದ ಪಂಚೆ, ಹೆಗಲ ಮೇಲೆ ಗಂಟು, ಹಣೆಯಲ್ಲಿ ನಾಮ. ದಾರಿಯಲ್ಲಿ ಎದುರಾದ ಹೆಂಗಸರು ತಿರುಪತಿಗೆ ಹೊರಟವರು ಅಂದುಕೊಂಡು ಕೈಮುಗಿಯುತ್ತಿದ್ದರು. ನಾವೂ ಗಂಭೀರವಾಗಿ ಕೈಯೆತ್ತಿ ಮುಂದೆ ಹೋಗಿ, ತಿರುವು ದಾಟಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಏಕೆಂದರೆ ನಾವು ಹೊರಟಿದ್ದು ಒಬ್ಬ ಹಾಕಿ ಗೋಲ್‌ಕೀಪರನ ದರ್ಶನಕ್ಕೆ.

ಅದು ಐವತ್ತರ ದಶಕದ ಕೊನೆ. ನಾನು ಬಂಗಾರಪೇಟೆಯ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ಬಾಯಿ ಹೊಲಿಯುವ ಕೆಲಸಕ್ಕಿದ್ದೆ. ಗೆಳೆಯರಲ್ಲಿ ಒಬ್ಬ ಟೈಲರು, ಸ್ಟೇಷನ್ ಹತ್ತಿರ ಒಂದು ಜಗಲಿಯ ಮೇಲೆ ಮಿಷನ್ ಹಾಕಿಕೊಂಡಿದ್ದ. ಇನ್ನೊಬ್ಬ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಹಳಿ ರಿಪೇರಿಯವನು. ಮೂವರದೂ ಒಂದೇ ಹಳ್ಳಿ, ಪೇಟೆಯಿಂದ ಎರಡು ಮೈಲಿ. ಮನೆಯಲ್ಲಿ ರಾಗಿ ಹೊಲ ಇತ್ತು, ಆದರೆ ಹೊಲ ನೋಡಿಕೊಳ್ಳಲು ಅಣ್ಣಂದಿರೂ ಇದ್ದರು.

ಒಂದು ಭಾನುವಾರ ಟೈಲರಿಗೆ ಮಿಷನ್ನಿನ ಯಾವುದೋ ಹಳೇ ಭಾಗ ಬೇಕಾಗಿ ಮೂವರೂ ಗಣಿ ಕಡೆಯ ಆಂಡರ್ಸನ್‌ಪೇಟೆಗೆ ಹೋದೆವು. ಸಾಮಾನು ಸಿಗಲಿಲ್ಲ. ವಾಪಸ್ಸು ಬರುವಾಗ ಊರಿಗಾಂ ಮೈದಾನದ ಕಡೆಯಿಂದ ಜನರ ಕೂಗು ಕೇಳಿಸಿತು. ಏನೆಂದು ನೋಡಲು ಒಳಗೆ ನುಗ್ಗಿದೆವು. ನಾವು ಅಲ್ಲಿಯವರೆಗೆ ಹಾಕಿ ಆಟ ಕಂಡವರೇ ಅಲ್ಲ. ಪಕ್ಕದಲ್ಲಿ ನಿಂತಿದ್ದ ಗಣಿ ಕೆಲಸದ ಮುದುಕನೊಬ್ಬ ತಮಿಳಿನಲ್ಲಿ ವಿವರಿಸಿದ: ಈ ಕಡೆಯವರು ನಮ್ಮ ಗಣಿ ಹುಡುಗರು, ಆ ಕಡೆಯವರು ಮದ್ರಾಸಿನವರು, ನಮ್ಮದು ಒಂದು ಗೋಲು ಮುಂದಿದೆ, ಇನ್ನು ಐದೇ ನಿಮಿಷ ತಡೆದರೆ ಸಾಕು.

ಆ ಐದು ನಿಮಿಷದಲ್ಲಿ ಮದ್ರಾಸಿನವರಿಗೆ ಮೂರು ಶಾರ್ಟ್ ಕಾರ್ನರ್, ಅಂದರೆ ಹತ್ತಿರದಿಂದ ಗೋಲಿಗೆ ಹೊಡೆಯುವ ಅವಕಾಶ, ಸಿಕ್ಕವು. ಮೊದಲನೆಯದನ್ನು ನಮ್ಮ ಗೋಲ್‌ಕೀಪರ್ ಕಾಲಿನ ಪ್ಯಾಡಿನಿಂದ ತಡೆದ. ಎರಡನೆಯದನ್ನು ಸ್ಟಿಕ್ಕಿನಿಂದ. ಮೂರನೆಯದು ಕಲ್ಲುನೆಲಕ್ಕೆ ಬಿದ್ದು ಎಗರಿ ನೇರ ಅವನ ಬಾಯಿಗೆ ಬಡಿಯಿತು. ಆತ ಬೀಳಲಿಲ್ಲ. ಕಾಲ ಬಳಿ ಬಿದ್ದ ಚೆಂಡನ್ನು ಒದ್ದು ದೂರ ಕಳಿಸಿದ. ಅದು ದೂರ ಹೋಯಿತೆಂದು ಖಾತ್ರಿ ಮಾಡಿಕೊಂಡ. ಆಮೇಲೆ ನಿಧಾನವಾಗಿ ಬಗ್ಗಿ ಎರಡು ಹಲ್ಲು ಉಗಿದ.

ನಮಗೆ ಅಷ್ಟು ಸಾಕಾಯಿತು. ಊರಿಗೆ ಬಂದು ತಿಂಗಳುಗಟ್ಟಲೆ ಅದೇ ಮಾತು. ಗ್ಯಾಂಗ್‌ಮನ್ ರಾಗಿ ಕಣದಲ್ಲಿ ನಿಂತು ಆ ಉಗಿಯುವುದನ್ನು ಅಭಿನಯಿಸಿ ತೋರಿಸುತ್ತಿದ್ದ. ಮರುವರ್ಷ ಅವರೆ ಹೂ ಬಿಟ್ಟಾಗ ಅವನೇ ಅಂದ:

"ನಮ್ಮಪ್ಪ ವರ್ಸಾ ವರ್ಸಾ ತಿರುಪ್ತಿಗೆ ಓಗ್ತಾನೆ. ನಾವು ಊರಿಗಾಂಗೆ ಓಗಾನ ಕಣ್ಲಾ. ಅಲ್ಲು ಕೊಟ್ಟ ದೇವ್ರು ಎಲ್ಲವ್ನೆ ಬೇರೆ?"

ತಮಾಷೆಗೆ ಅಂದಿದ್ದು. ಆದರೆ ಟೈಲರು ಯಾವ ತಮಾಷೆಯನ್ನೂ ಅರ್ಧಕ್ಕೆ ಬಿಡುವವನಲ್ಲ. ನಿಯಮಗಳನ್ನು ಮಾಡಿದ. ಮೂರು ದಿನ ಮುಂಚಿನಿಂದ ಬೀಡಿ ಇಲ್ಲ, ಸಿನಿಮಾ ಇಲ್ಲ. ಚಪ್ಪಲಿ ಇಲ್ಲ. ಬಟ್ಟೆಗೆ ಗುರುತು ಹಾಕುವ ತನ್ನ ಸೀಮೆಸುಣ್ಣದಿಂದ ನಮ್ಮ ಹಣೆಯ ಮೇಲೆ ನಾಮ ಬರೆದ: ಎರಡು ಕಂಬ, ಮೇಲೊಂದು ಅಡ್ಡಪಟ್ಟಿ. ಗೋಲಿನ ಕಂಬಗಳು. ದೂರದಿಂದ ನೋಡಿದರೆ ನಾಮವನ್ನು ತಲೆಕೆಳಗು ಮಾಡಿದ ಹಾಗೆ. ಗೋವಿಂದನ ಬದಲು ನಮ್ಮದೇ ಒಂದು ಕೂಗು. ಒಬ್ಬ "ಚೆಂಡು ಬಂತೂ" ಅನ್ನಬೇಕು, ಇಬ್ಬರು "ತಡದಾ, ತಡದಾ" ಅನ್ನಬೇಕು.

ಹಳಿಯ ಪಕ್ಕದ ಕಾಲುದಾರಿಯಲ್ಲಿ ಗ್ಯಾಂಗ್‌ಮನ್ ಮುಂದೆ, ನಾವು ಹಿಂದೆ. ಜಲ್ಲಿ ಚುಚ್ಚಿ ಟೈಲರು ಪ್ರತಿ ಫರ್ಲಾಂಗಿಗೂ ಕೂರುತ್ತಿದ್ದ. ಗಣಿಯ ಬೂದುಬಣ್ಣದ ಮಣ್ಣಿನ ಗುಡ್ಡಗಳು ಕಂಡಾಗ ತಿರುಮಲೆ ಕಂಡಂತೆ ಅಡ್ಡಬೀಳುತ್ತಿದ್ದೆವು. ಮೊದಲ ವರ್ಷ ಮೈದಾನಕ್ಕೆ ಹೋಗಿ ಗೋಲಿನ ಕಂಬಕ್ಕೆ ಮೂರು ಸುತ್ತು ಬಂದು, ಬುಡದಲ್ಲಿ ತೆಂಗಿನಕಾಯಿ ಒಡೆದೆವು. ಮೈದಾನದ ಕಾವಲುಗಾರ ಬೈದು ಅಟ್ಟಿಸಿಕೊಂಡು ಬಂದ. ಎರಡನೆಯ ವರ್ಷ ಅದೇ ಕಾವಲುಗಾರ ತಾನಾಗಿಯೇ ಕೈಚಾಚಿ ಒಂದು ಹೋಳು ಕಾಯಿ ಇಸಿದುಕೊಂಡ. ಆ ವರ್ಷ ನಮ್ಮ ಗೋಲ್‌ಕೀಪರನ ಆಟವನ್ನೂ ಕಂಡೆವು, ದೂರದಿಂದ. ಹತ್ತಿರ ಹೋಗಿ ಮಾತಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಮೂರನೆಯ ವರ್ಷ ಟೈಲರು ಹರಕೆ ಹೊತ್ತ. ದೇವರ ಪ್ಯಾಡು ಹರಿದು ಹತ್ತಿ ಹೊರಗೆ ಬಂದಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹಳೇ ಟಾರ್ಪಾಲಿನ ದಪ್ಪ ಬಟ್ಟೆ ಹುಡುಕಿ ತಂದ. ನಾನು ಗಿರಣಿಯ ಮೇಸ್ತ್ರಿಯನ್ನು ಕೇಳಿ ಗೋಣಿಪಟ್ಟಿ ಕೊಟ್ಟೆ. ಗ್ಯಾಂಗ್‌ಮನ್ ತೆಂಗಿನ ನಾರು ತಂದ. ಟೈಲರು ಒಂದು ತಿಂಗಳು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕೂತು, ಮೂರು ಸೂಜಿ ಮುರಿದು, ಒಂದು ಜೊತೆ ಪ್ಯಾಡು ಹೊಲಿದ. ಎಂಥ ಚಂದ ಬಂದಿದ್ದವೆಂದರೆ, ಅವನ್ನು ಹೊರಲು ನಾವಿಬ್ಬರೂ ಜಗಳವಾಡಿದೆವು.

ಮೈದಾನದಲ್ಲಿ ಕಾವಲುಗಾರ ಪ್ಯಾಡು ನೋಡಿ ತಲೆಯಾಡಿಸಿದ. "ಆತ ಈಗ ಆಡಲ್ಲಪ್ಪಾ. ಎಂಟು ತಿಂಗಳಾಯ್ತು."

ಅಭ್ಯಾಸದ ಆಟದಲ್ಲಿ ಸ್ವಂತ ಗೆಳೆಯ ಹೊಡೆದ ಚೆಂಡೇ ಎಡಗಣ್ಣಿಗೆ ಬಿದ್ದಿತ್ತಂತೆ. ಕಣ್ಣು ಉಳಿಯಲಿಲ್ಲ. ಮನೆ ಚಾಂಪಿಯನ್ ರೀಫ್ಸ್ ಗಣಿಯ ಕೆಲಸಗಾರರ ಲೈನಿನಲ್ಲಿ, ನಲ್ಲಿಯ ಎದುರು, ಎಂದು ಕಾವಲುಗಾರನೇ ಹೇಳಿದ.

ಟೈಲರು ನೆಲದ ಮೇಲೆ ಕೂತುಬಿಟ್ಟ. "ವಾಪಸ್ ಓಗಾನ. ಈ ಯೇಸ ಆಕ್ಕೊಂಡು ಆ ಮನೆ ಮುಂದೆ ಎಂಗ್ಲಾ ನಿಂತ್ಕೊಳ್ಳೋದು?"

"ಇಲ್ಲೀಗಂಟ ನಡ್ಕೊಂಡು ಬಂದು ಅವ್ರನ್ನ ನೋಡ್ದೆ ಓಗ್ತೀಯಾ?" ಎಂದ ಗ್ಯಾಂಗ್‌ಮನ್. "ಕಣ್ಣು ಓದ್ರೆ ನಾವೂ ಓಗ್ಬೇಕಾ?"

ಹೋದೆವು. ಉದ್ದಕ್ಕೆ ಒಂದಕ್ಕೊಂದು ಅಂಟಿಕೊಂಡ ತಗಡಿನ ಮನೆಗಳು. ಬಾಗಿಲಲ್ಲಿ ನಿಂತಿದ್ದ ಹೆಂಗಸು, ಆತನ ಹೆಂಡತಿ, ನಮ್ಮನ್ನು ಕಂಡದ್ದೇ ಒಳಗೆ ಹೋಗಿ ಒಂದು ಪಾವು ಅಕ್ಕಿ ತಂದು "ಗೋವಿಂದಾ" ಅಂದಳು. ನಾನೂ ಟೈಲರೂ ಕಂಬದ ಹಾಗೆ ನಿಂತೆವು. ಗ್ಯಾಂಗ್‌ಮನ್ ಗಂಟು ಬಿಚ್ಚಿ ಅಕ್ಕಿ ಹಾಕಿಸಿಕೊಂಡೇಬಿಟ್ಟ!

ಅಷ್ಟರಲ್ಲಿ ಒಳಗಿನಿಂದ ಆತನೇ ಬಂದ. ಮೈದಾನದಲ್ಲಿ ಕಂಡಷ್ಟು ಎತ್ತರ ಇರಲಿಲ್ಲ. ನಮ್ಮ ಹಣೆಯನ್ನು ನೋಡಲು ಕತ್ತು ಓರೆ ಮಾಡಿದ.

"ಇದೇನು ನಾಮ ತಂಬಿ? ತಲೆಕೆಳಗಾ ಇದೆ?"

"ನಾಮ ಅಲ್ಲಣ್ಣಾ," ಎಂದ ಟೈಲರು. "ಗೋಲು."

ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಎಲ್ಲ ಹೇಳಿದೆವು. ಹಲ್ಲು, ಕಂಬ ಸುತ್ತುವುದು, ತೆಂಗಿನಕಾಯಿ, ಕೂಗು. ಅಣ್ಣನ ಹೆಂಡತಿ, ಅಂದಿನಿಂದ ನಮಗೆ ಅಕ್ಕ, ನಗಲು ಶುರುಮಾಡಿದವಳು ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಣ್ಣ ನಗಲಿಲ್ಲ. ಪ್ಯಾಡುಗಳನ್ನು ತೆಗೆದುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದ. ಬೆಲ್ಟಿನ ಬಕಲ್ ಎಳೆದು ನೋಡಿದ. ಅಲ್ಲೇ ಕೂತು ಎರಡು ಕಾಲಿಗೂ ಕಟ್ಟಿಕೊಂಡ. ಒಳಗಿನಿಂದ ಎರಡು ಸ್ಟಿಕ್ಕು, ಒಂದು ಚೆಂಡು ತರಿಸಿದ. ಎದುರಿನ ಗೋಡೆಗೆ ಬೆನ್ನು ಕೊಟ್ಟು, ಎರಡು ಕಡೆ ಒಂದೊಂದು ಕಲ್ಲಿಟ್ಟು ನಿಂತ.

"ಹೊಡೀರಿ."

ನಾನು ಹೊಡೆದದ್ದು ಕಲ್ಲಿನವರೆಗೂ ಹೋಗಲಿಲ್ಲ. ಟೈಲರು ಬೇಕೆಂದೇ ಅಣ್ಣನ ಬಲಗಡೆಗೆ, ಮೆಲ್ಲಗೆ, ಮಗುವಿಗೆ ಉರುಳಿಸಿದ ಹಾಗೆ ಹೊಡೆದ. ಅಣ್ಣ ಅದನ್ನು ತಡೆದು, ಚೆಂಡು ಕೈಯಲ್ಲಿ ಹಿಡಿದು ಅವನ ಹತ್ತಿರ ಬಂದ. ಮುಖ ಕೆಂಪಾಗಿತ್ತು.

"ತಂಬಿ, ಇಷ್ಟು ದೂರ ನಡ್ಕೊಂಡು ಬಂದಿದ್ದು ನನ್ನ ನೋಡಿ ಅಯ್ಯೋ ಪಾಪ ಅನ್ನಕ್ಕಾ? ಅದನ್ನ ಈ ಲೈನಿನವರೆಲ್ಲ ದಿನಾ ಅಂತಾರೆ. ಎಡಗಡೆ ಹೊಡಿ. ಜೋರಾಗಿ ಹೊಡಿ."

ಟೈಲರು ಸ್ಟಿಕ್ಕನ್ನು ಗ್ಯಾಂಗ್‌ಮನ್ನಿಗೆ ಕೊಟ್ಟುಬಿಟ್ಟ. ಹಳಿಗೆ ಸುತ್ತಿಗೆ ಹೊಡೆದು ಹುರಿಗಟ್ಟಿದ ತೋಳು ಅವನದು. ಮೊದಲ ಹೊಡೆತ ಅಣ್ಣನ ಎಡಗಾಲಿನಿಂದ ಒಂದು ಗೇಣು ಆಚೆ ಹೋಗಿ ಗೋಡೆಗೆ ಬಡಿಯಿತು. ಅವನಿಗೆ ಅದು ಬಂದದ್ದೇ ಕಾಣಲಿಲ್ಲ. ಎರಡನೆಯದೂ ಹಾಗೇ. ಮೂರು, ನಾಲ್ಕು. ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಹೆಂಗಸರು ಕೊಡ ಬಿಟ್ಟು ನೋಡುತ್ತಿದ್ದರು. ಶಿಫ್ಟು ಮುಗಿಸಿ ಬಂದವರು ಊಟದ ಡಬ್ಬಿ ಹಿಡಿದುಕೊಂಡೇ ನಿಂತರು. ಅಕ್ಕನ ನಗು ಯಾವಾಗಲೋ ನಿಂತಿತ್ತು. ನನಗೆ ಅಲ್ಲಿಂದ ಓಡಿಹೋದರೆ ಸಾಕೆನಿಸಿತು.

ಎಷ್ಟು ಹೊಡೆತವಾಯಿತೋ ಲೆಕ್ಕವಿಡಲಿಲ್ಲ. ಅಣ್ಣ ನಿಲ್ಲುವ ರೀತಿ ಬದಲಾಯಿಸುತ್ತಾ ಹೋದ. ಭುಜ ತಿರುಗಿಸಿದ. ಕತ್ತು ಇನ್ನಷ್ಟು ಎಡಕ್ಕೆ ತಂದ. ಒಂದು ಹೆಜ್ಜೆ ಮುಂದೆ ಬಂದ. ಆಗ ಒಂದು ಹೊಡೆತ ಅದೇ ಎಡಗಡೆಗೆ, ಅಷ್ಟೇ ಜೋರಾಗಿ ಬಂದದ್ದು, ಹೊಸ ಪ್ಯಾಡಿಗೆ ಬಡಿದು ಧಪ್ಪೆಂದಿತು.

ಹೊಸ್ತಿಲಿನಿಂದ ಅಕ್ಕ, ನಾವು ಹೇಳಿಕೊಟ್ಟಿದ್ದ ಕೂಗನ್ನೇ, ತನ್ನ ತಮಿಳು ನಾಲಿಗೆಯಲ್ಲಿ ಕೂಗಿದಳು: "ತಡ್ದಾ! ತಡ್ದಾ!" ಇಡೀ ಲೈನು ಕೂಗಿತು. ಟೈಲರು ಗೋಡೆ ಕಡೆ ತಿರುಗಿ ನಿಂತು ಅತ್ತ.

ನಾವು ಕಾಣಿಕೆಗೆಂದು ತಂದಿದ್ದ ಅವರೆಕಾಯಿಯನ್ನೇ ಸುಲಿದು ಅಕ್ಕ ಸಾರು ಮಾಡಿದಳು. ಗ್ಯಾಂಗ್‌ಮನ್ ಗಂಟಿನಲ್ಲಿದ್ದ ಅಕ್ಕಿಯನ್ನು ವಾಪಸ್ಸು ಕೊಡಲು ಹೋದದ್ದಕ್ಕೆ ಅವಳ ಕೈಲಿ ಬೈಸಿಕೊಂಡ. ಊಟಕ್ಕೆ ಕೂತಾಗ ಅಣ್ಣ, ಮುಂದಿನ ಎರಡು ಹಲ್ಲಿಲ್ಲದ ಬಾಯಲ್ಲಿ, ಆ ದಿನ ಮೊದಲ ಸಲ ನಕ್ಕ. "ಬರೋ ವರ್ಷ ತೆಂಗಿನಕಾಯಿ ತರಬೇಡಿ. ಸ್ಟಿಕ್ ತನ್ನಿ. ದೇವರಾದ್ರೆ ಸುಮ್ಮನೆ ನಿಂತ್ಕೋಬೇಕು, ನನ್ನಿಂದ ಆಗಲ್ಲ."

ಅವನು ಮತ್ತೆ ದೊಡ್ಡ ತಂಡಕ್ಕೆ ಆಡಲಿಲ್ಲ. ಆಡಿದ ಎಂದು ಬರೆಯಲು ನನಗೂ ಆಸೆ, ಆದರೆ ಆಡಲಿಲ್ಲ. ಲೈನಿನ ಹುಡುಗರಿಗೆ ಸಂಜೆ ಸಂಜೆ ಗೋಲು ಕಾಯುವುದನ್ನು ಕಲಿಸಲು ಶುರುಮಾಡಿದ. ನಾವು ವರ್ಷಾವರ್ಷ ಹುಣಸೆ ಕೊಂಬೆಯನ್ನು ಬಗ್ಗಿಸಿ ಮಾಡಿದ ಸ್ಟಿಕ್ಕು ಹಿಡಿದು ಹೋಗಿ, ಆ ಹುಡುಗರ ಮೇಲೆ ಆಡಿ, ತಪ್ಪದೆ ಸೋತು, ಉಂಡು ಬರುತ್ತಿದ್ದೆವು. ಟೈಲರ ಮದುವೆಗೆ ಅಣ್ಣ, ಅಕ್ಕ ಇಬ್ಬರೂ ನಮ್ಮ ಹಳ್ಳಿಗೆ ಬಂದರು. ಗ್ಯಾಂಗ್‌ಮನ್ನಿನ ಅಪ್ಪ, ತಿರುಪತಿಯ ನಿಜವಾದ ಭಕ್ತ, ಅಣ್ಣನನ್ನು ಅಡಿಯಿಂದ ಮುಡಿಯವರೆಗೂ ನೋಡಿ ಕೇಳಿದ: "ಇವ್ರೇನಾ ನಿಮ್ಮ ದೇವ್ರು?" ಆಮೇಲೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಎರಡು ಸಲ ಪಾಯಸ ಹಾಕಿಸಿದ.

ಅರವತ್ತರ ದಶಕದ ನಡುವೆ ಗ್ಯಾಂಗ್‌ಮನ್ನಿಗೆ ಜೋಲಾರಪೇಟೆ ಕಡೆ ವರ್ಗವಾಯಿತು. ಎರಡು ವರ್ಷ ನಾನೂ ಟೈಲರೂ ಊರಿಗಾಂಗೆ ರೈಲಿನಲ್ಲೇ ಹೋಗಿಬಂದೆವು. ಬಳಿಕ ಅಣ್ಣ ಗಣಿ ಕೆಲಸ ಬಿಟ್ಟು ಹೆಂಡತಿಯ ಊರಿಗೆ ಹೋದ, ಉತ್ತರ ಆರ್ಕಾಟಿನ ಒಂದು ಹಳ್ಳಿ. ಅಲ್ಲಿಂದ ತಮಿಳಿನಲ್ಲಿ ಒಂದು ಕಾಗದ ಬಂತು. ಸ್ಟೇಷನ್ನಿನ ಪಾರ್ಸೆಲ್ ಗುಮಾಸ್ತರ ಹತ್ತಿರ ಓದಿಸಿಕೊಂಡೆವು. ಕಡಲೆಕಾಯಿ ಚೆನ್ನಾಗಿ ಬಂದಿದೆ, ಕೀಳುವ ಮುಂಚೆ ಮೂವರೂ ಬನ್ನಿ, ಅಷ್ಟೇ ಇತ್ತು.

ಜೋಲಾರಪೇಟೆಯಲ್ಲಿ ಗ್ಯಾಂಗ್‌ಮನ್ನನ್ನು ಹತ್ತಿಸಿಕೊಂಡು ಮೂವರೂ ಹೋದೆವು. ಅಣ್ಣ ಸ್ವಲ್ಪ ದಪ್ಪಗಾಗಿದ್ದ. ಹೊಲದ ಬದುವಿನ ಮೇಲೆ ಕೂತು, ಕಿತ್ತ ಗಿಡದಿಂದ ಹಸಿ ಕಾಯಿ ಬಿಡಿಸಿ ತಿನ್ನುತ್ತಾ ಸಂಜೆಯವರೆಗೂ ಮಾತಾಡಿದೆವು. ಮಳೆಯ ಮಾತು, ಮಕ್ಕಳ ಮಾತು, ಟೈಲರ ಹೊಸ ಅಂಗಡಿಯ ಮಾತು. ಆಟದ ಮಾತು ಒಂದೂ ಬರಲಿಲ್ಲ. ಬರಲಿಲ್ಲವೆಂದು ಹೊಳೆದದ್ದೂ ವಾಪಸ್ಸು ರೈಲಿನಲ್ಲಿ ಕೂತ ಮೇಲೆಯೇ.