ಮೂರು ಸಲ ತೊಳೆದ ಬಾಟಲಿ

ಮೈಸೂರಿನ ಅಂಚಿನ ಕಸದ ಗುಡ್ಡದ ಬಳಿ ಬಾವಿಗಳ ನೀರು ಪರೀಕ್ಷಿಸಲು ಬರುತ್ತಿದ್ದ ಆ ಹೆಂಗಸು, ಪ್ರತಿ ಬಾಟಲಿಯನ್ನೂ ಅದೇ ಬಾವಿಯ ನೀರಿನಿಂದ ಮೂರು ಸಲ ತೊಳೆಯುತ್ತಿದ್ದರು. "ಮೊದ್ಲು ತೊಳ್ದುಬುಡ್ಬೇಕು ಕಣ್ರೀ, ಆಮೇಲೆ ತುಂಬ್ಬೇಕು" ಎನ್ನುತ್ತಿದ್ದರು.

ನಮ್ಮ ಬಾವಿ ಶುದ್ಧವೆಂಬ ಅವರ ವರದಿಯನ್ನು ನಾನು ಒಪ್ಪಲಿಲ್ಲ. ಮನೆಯಲ್ಲಿದ್ದ ಬಾಟಲಿಯೊಂದಕ್ಕೆ ನಾನೇ ನೀರು ತುಂಬಿ ಬೇರೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದೆ. ಉಪ್ಪು ವಿಪರೀತವೆಂದು ಬಂತು. ಕಸದಿಂದ ಬಸಿದ ರಸ ಅಂತರ್ಜಲ ಸೇರಿದೆಯೆಂದು ಹೆದರಿ ಬಾವಿಯನ್ನು ಹಲಗೆಯಿಂದ ಮುಚ್ಚಿಸಿದೆ. ಮುಂದಿನ ಸಲ ಅವರು ಬಂದಾಗ, ಪರೀಕ್ಷೆ ಮುಗಿದು ವಾಪಸು ಬಂದಿದ್ದ ನನ್ನ ಬಾಟಲಿಯನ್ನು ಎದುರಿಗಿಟ್ಟೆ.

ಅವರು ಮುಚ್ಚಳ ಮೂಸಿ ನಕ್ಕರು. "ಯಜಮಾನ್ರೇ, ಇದು ಉಪ್ಪಿನಕಾಯಿ ಬಾಟ್ಲಿ ಕಣ್ರೀ!"

ಹೊಸ ಬಾಟಲಿಯನ್ನು ನನ್ನ ಕೈಯಿಂದಲೇ ತೊಳೆಸಿ, ನೀರು ತುಂಬಿಸಿ, ನಾನು ನಂಬಿದ್ದ ಪ್ರಯೋಗಾಲಯಕ್ಕೇ ಕಳಿಸಿದರು. ನೀರು ಶುದ್ಧವೆಂದು ಬಂತು. ಹಲಗೆ ತೆಗೆಸಿ, ಮೊದಲ ಲೋಟ ನೀರನ್ನು ನಾನೇ ಕುಡಿದೆ. ಲೋಟವನ್ನು ಮಾತ್ರ ಮೂರು ಸಲ ತೊಳೆದಿದ್ದೆ.