ಡಬ್ಬಿ ಕಾಯಿಯೂ ಖಾರವಾದಾಗ

ನನ್ನ ಅಡುಗೆ ಖಾರವಾಯಿತು ಎಂದು ನನ್ನ ಗಂಡ ಹೇಳಿದ್ದು ಮದುವೆಯಾಗಿ ಹನ್ನೆರಡು ವರ್ಷವಾದ ಮೇಲೆ. ಬ್ಯಾಡಗಿಯಲ್ಲೇ ಹುಟ್ಟಿ, ಅಲ್ಲಿಯ ಮಾರುಕಟ್ಟೆಯಲ್ಲೇ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮನುಷ್ಯ. ಚೀಲಕ್ಕೆ ಕೈ ಹಾಕಿ ಒಂದು ಕಾಯಿ ಮುರಿದು, ತುದಿ ಕಚ್ಚಿ, ಇದು ನಮ್ಮ ಕಡೆಯದು, ಇದು ಆಂಧ್ರದ್ದು ಎಂದುಬಿಡುತ್ತಿದ್ದರು. ಮನೆಗೆ ಅವರು ತರುತ್ತಿದ್ದುದು ಬ್ಯಾಡಗಿಯ ಡಬ್ಬಿ ತಳಿಯ ಕಾಯಿ. ಅದರ ಬಣ್ಣ ಕಣ್ಣಿಗೆ ರಾಚುತ್ತದೆ, ಖಾರ ಮಾತ್ರ ಮಕ್ಕಳೂ ತಡೆಯುವಷ್ಟು.

ಒಂದು ಮಧ್ಯಾಹ್ನ ಬದನೆಕಾಯಿ ಎಣಗಾಯಿಯ ಜೊತೆ ರೊಟ್ಟಿ ಬಾಯಿಗಿಟ್ಟವರು ಹಾ ಎಂದು ನೀರಿನ ತಂಬಿಗೆ ಎತ್ತಿದರು.

"ಖಾರ ಭಾಳ ಆಗೇತಿ ನೋಡು. ಬಾಯಿ ಉರೀತೈತಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಡುಗೆಗೆ ಹೆಸರಿಟ್ಟರೆ ಸುಮ್ಮನಿರುವವಳಲ್ಲ.

"ಕಾಯಿ ಆರಿಸಿ ತಂದವರು ನೀವ. ನಿಮಗ ಯಾರೋ ಗುಂಟೂರ ಕಾಯಿ ಕೊಟ್ಟು ಟೊಪ್ಪಿಗಿ ಹಾಕ್ಯಾರ. ಊರಿಗೆಲ್ಲ ಕಾಯಿ ನೋಡಿ ಹೇಳ್ತೀರಿ, ಮನೀದು ತಿಳೀಲಿಲ್ಲೇನ್ರಿ?"

ಪಕ್ಕದಲ್ಲಿದ್ದ ಅತ್ತೆ ನಕ್ಕರು. ಗಂಡನೂ ನಕ್ಕಂತೆ ಮಾಡಿ ತಲೆ ತಗ್ಗಿಸಿ ಉಂಡರು. ಗೆದ್ದೆ ಎಂದುಕೊಂಡೆ.

ಆಮೇಲೆ ಅವರು ಖಾರದ ಮಾತೇ ಎತ್ತಲಿಲ್ಲ. ಪಲ್ಯ ಬದಿಗೆ ಸರಿಸಿ ಮೊಸರು ರೊಟ್ಟಿ ತಿನ್ನುತ್ತಿದ್ದರು. ಕೇಳಿದರೆ, "ವಯಸ್ಸಾತು, ಹೊಟ್ಟಿಗೆ ಆಗೂದಿಲ್ಲ" ಎನ್ನುತ್ತಿದ್ದರು. ನಲವತ್ತೂ ತುಂಬಿರಲಿಲ್ಲ. ಪಾಪ ಎನಿಸಿ ನಾನೇ ಅವರಿಗೆ ಬೇರೆ ಸಪ್ಪೆ ಅಡುಗೆ ಮಾಡತೊಡಗಿದೆ. ನನ್ನಂಥ ಹೆಂಡತಿ ಯಾರಿಗೆ ಸಿಗುತ್ತಾಳೆ ಎಂಬ ಜಂಬ ಬೇರೆ.

ಅವರು ಗುಟಕಾ ಹಾಕುತ್ತಿದ್ದರು. ಮೆಣಸಿನಕಾಯಿ ಘಾಟಿಗೆ ಗಂಟಲು ಒಣಗುತ್ತದೆ, ಬಾಯಲ್ಲಿ ಅದೊಂದಿದ್ದರೆ ಕೆಮ್ಮು ಬರುವುದಿಲ್ಲ ಎಂಬುದು ಮಾರುಕಟ್ಟೆಯವರ ನಂಬಿಕೆ. ಆಗಿನ್ನೂ ಅದಕ್ಕೆ ನಿಷೇಧ ಬಂದಿರಲಿಲ್ಲ. ಪಾನ್ ಅಂಗಡಿಗಳ ಮುಂದೆ ಸರ ಸರವಾಗಿ ತೂಗುತ್ತಿತ್ತು. ನಾನು ಜಗಳವಾಡುತ್ತಿದ್ದುದು ಅಂಗಿಯ ಮೇಲಿನ ಕಲೆಗೆ ಮಾತ್ರ. ಒಗೆಯುವಾಗ ಜೇಬಿನಲ್ಲಿ ಪಾಕೀಟು ಸಿಕ್ಕರೆ ನೆನೆಯಬಾರದೆಂದು ತೆಗೆದು ಗೂಡಿನಲ್ಲಿಡುತ್ತಿದ್ದವಳೂ ನಾನೇ. ಗಂಡನ ವಸ್ತುವಲ್ಲವೇ, ಹಾಳಾಗಬಾರದಲ್ಲ! ಈ ಕೈಗಳನ್ನು ಏನು ಮಾಡಲಿ?

ಅದಾದ ಎರಡನೆಯ ವರ್ಷ ರೊಟ್ಟಿಯ ತುತ್ತು ಅವರ ಬಾಯಲ್ಲಿ ಹಿಡಿಯದಾಯಿತು. ಸಣ್ಣ ಚೂರು ಮಾಡಿ ಕೊಟ್ಟೆ, ಕೊನೆಗೆ ಹಾಲಿನಲ್ಲಿ ನೆನೆಸಿ ಕೊಟ್ಟೆ. ದವಡೆ ಹಲ್ಲಿನ ತೊಂದರೆ ಇರಬೇಕೆಂದು ಜುಲುಮೆ ಮಾಡಿ ರಾಣೆಬೆನ್ನೂರಿನ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಅವರು ತೆರೆದ ಬಾಯಲ್ಲಿ ಡಾಕ್ಟರ ಎರಡು ಬೆರಳೂ ಹೋಗಲಿಲ್ಲ. ಬ್ಯಾಟರಿ ಹಿಡಿದು ನೋಡಿದ ಡಾಕ್ಟರ ಮುಖ ಸಣ್ಣದಾಯಿತು.

"ಖಾರ ತಿಂದ್ರ ಉರೀತೈತೇನ್ರಿ? ಯಾವಾಗಿಂದ?"

ನನ್ನ ಗಂಡ ಒಮ್ಮೆ ನನ್ನ ಕಡೆ ನೋಡಿದರು. "ಈಗೊಂದು ತಿಂಗಳಿಂದ್ರಿ."

"ಇಲ್ಲರಿ," ಎಂದೆ, "ಎರಡು ವರ್ಷ ಆತು."

ಡಾಕ್ಟರು ಬ್ಯಾಟರಿ ಕೆಳಗಿಟ್ಟರು. "ಆ ಉರೀನ ಮೊದಲಿನ ಗುರುತರಿ ಅಕ್ಕಾರ. ಗುಟಕಾ ತಿನ್ನೋರ ಬಾಯಿ ಆಮ್ಯಾಲೆ ಹಿಂಗ ಬಿಗೀತೈತಿ. ಆವಾಗ ಬಿಟ್ಟು ಬಂದಿದ್ರ ಬ್ಯಾರೆ ಮಾತಿತ್ತು. ಈಗ ಒಳಗ ಹುಣ್ಣಾಗೇತಿ. ಲಗೂನ ಹುಬ್ಬಳ್ಳಿಗೆ ಹೋಗ್ರಿ."

ಬಸ್ ಸ್ಟ್ಯಾಂಡಿಗೆ ಬಂದವರೇ ಜೇಬಿನಲ್ಲಿದ್ದ ಪಾಕೀಟುಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದರು. ಬಿಡಲು ಆಗುವುದಿಲ್ಲ ಎಂದು ಅಷ್ಟು ವರ್ಷ ಹೇಳಿದ ಮನುಷ್ಯ ಮತ್ತೆ ಮುಟ್ಟಲಿಲ್ಲ. ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಎಂದು ಕೆನ್ನೆ ಕೊಯ್ದರು, ಕರೆಂಟು ಕೊಟ್ಟರು. ಒಂಬತ್ತು ತಿಂಗಳಿಗೆ ನನ್ನ ಗಂಡ ತೀರಿಹೋದರು. ಕೊನೆಯ ತಿಂಗಳಲ್ಲಿ ಅವರಿಗೆ ಮಾತೇ ಇರಲಿಲ್ಲ. ಆದರೂ ನನ್ನ ಎದೆಯಲ್ಲಿ ಮುಳ್ಳಿನಂತೆ ಮುರಿದು ನಿಂತಿರುವುದು ಆ ದಿನ ರಾಣೆಬೆನ್ನೂರಿನಲ್ಲಿ ಬ್ಯಾಡಗಿ ಬಸ್ಸಿಗೆ ಕಾಯುತ್ತ ಕೂತಾಗ ಅವರು ಆಡಿದ ಮಾತು.

"ಡಾಕ್ಟರಿಗೆ ಯಾಕ ಸುಳ್ಳು ಹೇಳಿದ್ರಿ?" ಎಂದು ಕೇಳಿದೆ.

"ನಿನಗ ಬೈತಾರಂತ."

"ಅಷ್ಟು ಉರಿ ಇದ್ರ ನನಗರ ಹೇಳಬಾರದಿತ್ತೇನ್ರಿ?"

ಅವರು ನನ್ನ ಕೈಚೀಲವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಹೇಳಿದ್ನಲ್ಲ," ಎಂದರು, "ಒಂದ ಸಲ."